‘ಒರಸೇನಿ’ ಎಂದ ಮಾತು

ನನ್ನ ತಮ್ಮ ನನಗೆ ಹೇಳಿದ್ದು ಸಣ್ಣ ಕೆಲಸ. ಹೊಲದ ಜಾಲಿಮರಕ್ಕೆ ಕಟ್ಟಿದ ಕ್ಯಾಮೆರಾ ಡಬ್ಬಿಯ ಬಾಯನ್ನು ಒಣಬಟ್ಟೆಯಿಂದ ಒರೆಸಬೇಕಿತ್ತು. ನಾನು ಒರೆಸಲಿಲ್ಲ. ಒರೆಸಿದ್ದೇನೆ ಎಂದು ಹೇಳಿದೆ. ಅವನು ಕೇಳಿದಾಗಲೆಲ್ಲ ಅದನ್ನೇ ಹೇಳಿದೆ. ಅವನ ಎಡಗೈ ಈಗ ಪೂರ್ತಿ ಮುಚ್ಚುವುದಿಲ್ಲ. ಚಿರತೆ ಕಚ್ಚಿ ಹಾಗಾಯಿತು ಎಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಅದರಲ್ಲಿ ನನ್ನ ಪಾಲೆಷ್ಟು ಎಂಬುದು ಬಹಳ ವರ್ಷ ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮ ಹೊಲ ಮಿರಜದಿಂದ ಬೇಡಗಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದು ಹೊಲದ ಮನೆಯಲ್ಲೇ ಉಳಿದೆ. ಮನೆಯಲ್ಲಿ ನಾನು, ತಮ್ಮ, ಅವನ ಹೆಂಡತಿ, ಮೂವರೇ. ತಮ್ಮ ಕುಪವಾಡದ ಒಂದು ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಸಾಂಗಲಿಯೂ ಮಿರಜವೂ ಬೆಳೆಯುತ್ತ ಬೆಳೆಯುತ್ತ ಒಂದಾಗಿ, ಇನ್ನು ನಮ್ಮ ಕಡೆ ಬರತೊಡಗಿದ್ದ ಕಾಲ ಅದು. ನಮ್ಮ ಪಕ್ಕದವರ ದ್ರಾಕ್ಷಿ ತೋಟ ಹೋಗಿ ಪ್ಲಾಟುಗಳಾಗಿದ್ದವು. ಮನೆಗಳಿನ್ನೂ ಬಂದಿರಲಿಲ್ಲ, ಬೀದಿದೀಪಗಳು ಮಾತ್ರ ಬಂದಿದ್ದವು. ಹೀಗಾಗಿ ಮನೆಯಿಂದ ಡಾಂಬರು ರಸ್ತೆಗೆ ಎರಡು ದಾರಿ. ಒಂದು ಕಬ್ಬಿನ ನಡುವಿನ ಬದುವಿನ ಮೇಲೆ, ಬೇಗ ಮುಟ್ಟಿಸುವಂಥದು. ಇನ್ನೊಂದು ಆ ಪ್ಲಾಟುಗಳನ್ನು ಸುತ್ತಿಕೊಂಡು ಹೋಗುವ ದೂರದ ದಾರಿ. ತಮ್ಮ ಬೆಳಕು ಹರಿಯುವ ಮುಂಚೆ ಬದುವಿನ ಮೇಲಿಂದಲೇ ಹೋಗಿ ಕಂಪನಿ ಬಸ್ಸು ಹಿಡಿಯುತ್ತಿದ್ದ.

ಆ ಮಳೆಗಾಲದಲ್ಲಿ ಚಿರತೆಯ ಸುದ್ದಿ ಎದ್ದಿತು. ನಮ್ಮಲ್ಲಿ ಅದಕ್ಕೆ ಮರಾಠಿಯಂತೆ ಬಿಬಟ್ಯಾ ಎನ್ನುತ್ತಾರೆ. ಮೊದಲು ಪ್ಲಾಟಿನ ಕಾವಲುಗಾರನ ನಾಯಿ ಕಾಣೆಯಾಯಿತು. ಆಮೇಲೆ ಕುರಿ ಕಾಯುವವನೊಬ್ಬ ಹಳ್ಳದ ಕೆಸರಿನಲ್ಲಿ ಹೆಜ್ಜೆ ತೋರಿಸಿದ. ಅರಣ್ಯ ಇಲಾಖೆಯ ಗಾರ್ಡ್ ಬಂದು ನೋಡುವ ಹೊತ್ತಿಗೆ ಮಳೆ ಹೊಡೆದು ಹೆಜ್ಜೆ ಅಳಿಸಿತ್ತು. ಪಂಜರಗಳು ಕಡಿಮೆ ಇವೆ, ಎಲ್ಲಿ ಓಡಾಡುತ್ತದೆ ಎಂದು ಖಾತ್ರಿಯಾಗದೆ ಇಡಲಾಗುವುದಿಲ್ಲ ಎಂದ ಅವನು, “ಒಂದು ಸಾಫ್ ಫೋಟೋ ತೋರಿಸ್ರಿ, ಮರುದಿವಸ ಪಂಜರ ತರ್ತೇನಿ” ಎಂದು ಹೇಳಿ ಹೋದ.

ತಮ್ಮ ಸಾಂಗಲಿಗೆ ಹೋಗಿ ಕ್ಯಾಮೆರಾ ತಂದ. ಕಾಡಿನಲ್ಲಿ ಮರಕ್ಕೆ ಕಟ್ಟುವಂಥದು. ಮುಂದೆ ಏನಾದರೂ ಅಲ್ಲಾಡಿದರೆ ತಾನೇ ಫೋಟೋ ತೆಗೆಯುತ್ತದೆ. ಕತ್ತಲಾದ ಮೇಲೆ ಕಣ್ಣಿಗೆ ಕಾಣದ ಬೆಳಕು ಬಿಡುವ ಸಣ್ಣ ದೀಪಗಳ ಸಾಲೊಂದು ಗಾಜಿನ ಮೇಲ್ಗಡೆ ಇತ್ತು. ಮಳೆಗೂ ಕಳ್ಳರಿಗೂ ಹೆದರಿ ತಮ್ಮ ಅದಕ್ಕೊಂದು ತಗಡಿನ ಡಬ್ಬಿ ಮಾಡಿದ. ಮುಂದೆ ಟೋಪಿಯ ಹಾಗೆ ಚಾಚಿದ ಬಾಯಿ, ಹಿಂದೆ ಬೀಗದ ಬಾಗಿಲು. ಬದುವಿನ ನಡುವೆ ಇದ್ದ ಜಾಲಿಮರಕ್ಕೆ, ಕಬ್ಬಿನ ಕಡೆ ಮುಖಮಾಡಿ ಅದನ್ನು ಬಿಗಿದ. ಕೀಲಿ ನನ್ನ ಕೈಗೆ ಕೊಟ್ಟ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಹೋಗಿ ಕಾರ್ಡು ಬದಲಿಸಿ ತರುವುದು ನನ್ನ ಕೆಲಸ. ಅವನಿಗೆ ಆಗ ಕಾರ್ಖಾನೆಯಲ್ಲಿ ದೊಡ್ಡ ಆರ್ಡರು. ಓವರ್‌ಟೈಮ್ ಮುಗಿಸಿ ಬರುವಾಗ ಕತ್ತಲಾಗಿರುತ್ತಿತ್ತು. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ಅವನು ಸಂಜೆಯ ರೊಟ್ಟಿಯನ್ನು ಮಷೀನಿನ ಹತ್ತಿರವೇ ತಿಂದು ಬಂದು, ಮನೆಯಲ್ಲಿ ನೇರವಾಗಿ ಫೋಟೋ ನೋಡಲು ಕೂರುತ್ತಿದ್ದ.

ಮೊದಮೊದಲು ಫೋಟೋಗಳು ಚೆನ್ನಾಗಿ ಬಂದವು. ಮುಂಗುಸಿ ಬಂತು, ನಮ್ಮ ಬೆಕ್ಕು ಬಂತು, ಚೆಂಬು ಹಿಡಿದು ಹೊರಟ ಪಕ್ಕದ ಹೊಲದ ಕಾಕಾ ಬಂದರು.

“ಕಾಕಾರ ಚೆಂಬಿನ ಮ್ಯಾಲಿನ ತಗ್ಗ ಸುದ್ದಾ ಕಾಣ್ತೈತಿ,” ಎಂದು ತಮ್ಮನ ಹೆಂಡತಿ ನಕ್ಕಳು. “ಇದನ್ನ ಗಾರ್ಡಗ ತೋರಸ್ರಿ, ಪಂಜರ ತರ್ಲಿ.”

ಕೆಲವು ದಿನ ಜಿಟಿಜಿಟಿ ಮಳೆ ಹಿಡಿಯಿತು. ಅದು ಬಿಟ್ಟ ಮೇಲೆ ಕತ್ತಲಿನ ಫೋಟೋಗಳ ಮೇಲ್ಭಾಗ ಬೆಳ್ಳಗಾಗತೊಡಗಿತು. ಹಗಲಿನವು ಸರಿಯಾಗಿಯೇ ಇದ್ದವು. ತಮ್ಮ ಫೋನನ್ನು ಮುಖದ ಹತ್ತಿರ ಹಿಡಿದು ನೋಡಿದ.

“ಅಕ್ಕಾ, ಡಬ್ಬಿ ಬಾಯಾಗ ಧೂಳೋ ನೀರೋ ಕುಂತೈತಿ. ನಾಳೆ ಒಣಾ ಅರಬಿಲೆ ಒರಸು.”

ಮರುದಿನ ಬಟ್ಟೆ ತೆಗೆದುಕೊಂಡು ಹೋದೆ. ಬಗ್ಗಿ ಡಬ್ಬಿಯ ಬಾಯಿಯೊಳಗೆ ನೋಡಿದೆ. ದೀಪಗಳ ಸಾಲಿನ ಮುಂದೆ ಒಂದು ಜೇಡ ಬಲೆ ಕಟ್ಟಿತ್ತು. ಮೂಲೆಯಲ್ಲಿ ಹತ್ತಿಯ ಉಂಡೆಯಂತೆ ಮೊಟ್ಟೆಯ ಚೀಲ. ಅದರ ಮೇಲೆ ಜೇಡ ಕಾಲು ಹರಡಿ ಕೂತಿತ್ತು.

ಆ ವರ್ಷ ನಮ್ಮ ಬಸದಿಯಲ್ಲಿ ಒಬ್ಬ ಮಾತಾಜಿ, ಜೈನ ಸನ್ಯಾಸಿನಿ, ಚಾತುರ್ಮಾಸಕ್ಕೆ ನಿಂತಿದ್ದರು. ಮಳೆಗಾಲದ ಆ ತಿಂಗಳುಗಳಲ್ಲಿ ಜೀವಗಳು ಹೆಚ್ಚು, ಆದ್ದರಿಂದ ಶ್ರಾವಕರು, ಅಂದರೆ ನಮ್ಮಂಥ ಸಂಸಾರಸ್ಥರು, ಏನಾದರೊಂದು ನಿಯಮ ಹಿಡಿಯುತ್ತಾರೆ. ಒಬ್ಬರು ಹಸಿರು ಪಲ್ಯ ಬಿಡುತ್ತಾರೆ, ಒಬ್ಬರು ಒಪ್ಪೊತ್ತು ಇರುತ್ತಾರೆ. ನಾನು ಎಲ್ಲರೆದುರು ಎದ್ದು ನಿಂತು, ಚಾತುರ್ಮಾಸ ಮುಗಿಯುವತನಕ ಯಾವ ಜೀವದ ಮನೆಯನ್ನೂ ಕೆಡಿಸುವುದಿಲ್ಲ ಎಂದು ಕೈಮುಗಿದಿದ್ದೆ. ಮಾತಾಜಿ ತಲೆದೂಗಿದರು. ಹೆಂಗಸರು ತಿರುಗಿ ನೋಡಿದರು. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತಮ್ಮನ ಹೆಂಡತಿ ಕಾಲೇಜು ಮುಗಿಸಿದವಳು. ಮನೆಯಲ್ಲಿ ಯಾವ ಕಾಗದ ಬಂದರೂ ಅವಳ ಕೈಗೆ ಹೋಗುತ್ತಿತ್ತು. ನಿಯಮ ಹಿಡಿದ ಮೇಲೆ ಬಸದಿಯಲ್ಲಿ ನನಗೆ ಮುಂದೆ ಜಾಗ ಬಿಡತೊಡಗಿದರು. ಅದು ನನಗೆ ಬಹಳ ಹಿಡಿಸಿತ್ತು. ಮನೆಯ ಮೂಲೆಯ ಬಲೆಗಳನ್ನೂ ಮುಟ್ಟದೆ ಬಿಟ್ಟಿದ್ದೆ. ಗಂಡನ ಅಕ್ಕನಾದ ನನ್ನನ್ನು ತಮ್ಮನ ಹೆಂಡತಿ ಮರಾಠಿಯಂತೆ ‘ವನ್ಸ’ ಎಂದು ಕರೆಯುತ್ತಾಳೆ. “ವನ್ಸ, ಜ್ಯಾಡಗಳಿಗೆ ಖೋಲಿ ಬಾಡಿಗಿ ಕೊಟ್ಟೀರೇನ?” ಎಂದು ಚೇಷ್ಟೆ ಮಾಡುತ್ತಿದ್ದಳು.

ಡಬ್ಬಿಯ ಮುಂದೆ ಬಟ್ಟೆ ಹಿಡಿದು ನಿಂತೆ. ಹಿಂದಿನ ಬಾಗಿಲು ತೆರೆದು ಮೆಲ್ಲಗೆ ಕ್ಯಾಮೆರಾ ಹೊರಗೆಳೆದೆ. ಗಾಜನ್ನು ಒರೆಸಿದೆ, ಕಾರ್ಡು ಬದಲಿಸಿ ಒಳಗೆ ಸರಿಸಿದೆ. ಬಲೆ ಅಲ್ಲಾಡಲಿಲ್ಲ. ಗಾಜು ಒರೆಸಿದ್ದು ಸುಳ್ಳಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡು ಬಂದೆ.

ಸಂಜೆ ತಮ್ಮ ಕೇಳಿದ. “ಒರಸಿದೇನ ಅಕ್ಕಾ?”

“ಒರಸೇನಿ.”

ಮರುದಿನದ ಫೋಟೋಗಳು ಇನ್ನೂ ಬೆಳ್ಳಗಿದ್ದವು. ಅವನು ಸೆಲ್ಲುಗಳ ಮೇಲೆ ಸಂಶಯಪಟ್ಟ. ಹೊಸ ಸೆಲ್ಲು ತಂದುಕೊಟ್ಟ, ಹಾಕಿದೆ. ಬಿಳುಪು ಹೆಚ್ಚಾಯಿತು. ಗಟ್ಟಿ ಸೆಲ್ಲಿಗೆ ದೀಪ ಜೋರಾಗಿ ಉರಿದರೆ ಬಲೆಯೂ ಜೋರಾಗಿ ಹೊಳೆಯುತ್ತದೆ ಎಂಬುದು ನನಗೆ ಅವತ್ತೇ ಹೊಳೆಯಿತು. ತಮ್ಮನಿಗೆ ಹೊಳೆಯುವ ಹಾಗಿರಲಿಲ್ಲ, ಬಲೆ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ಕಬ್ಬಿನ ಗರಿ ಹತ್ತಿರ ಬಾಗಿ ಬೆಳಕನ್ನು ಹಿಂದಕ್ಕೆ ಹೊಡೆಯುತ್ತಿರಬೇಕು ಎಂದ. ಕುಡುಗೋಲು ತೆಗೆದುಕೊಂಡು ಹೋಗಿ ಎದುರಿನ ಗರಿಗಳನ್ನು ಸವರಿ ಬಂದೆ. ಸವರುವಾಗ ಕಬ್ಬಿನೊಳಗೆ ಏನೋ ಸರಿದಂತಾಯಿತು. ಕುಡುಗೋಲು ಎತ್ತಿ ಹಿಡಿದು, ಬೆನ್ನು ಮರಕ್ಕೆ ಕೊಟ್ಟು ನಿಂತೆ. ಒಂದು ಗೌಜಲಹಕ್ಕಿ ಪುರ್ ಎಂದು ಹಾರಿತು. ಆದರೂ ಮನೆ ಮುಟ್ಟುವತನಕ ಕುಡುಗೋಲು ಕೆಳಗಿಳಿಸಲಿಲ್ಲ. ಅಂಥ ಜಾಗದಲ್ಲಿ ತಮ್ಮ ದಿನವೂ ಮಬ್ಬಿನಲ್ಲಿ ನಡೆದುಹೋಗುತ್ತಿದ್ದ, ಮುಂದೆಯೂ ಹೋಗುವವನೇ ಎಂಬುದು ತಲೆಗೆ ಬರದೆ ಇರಲಿಲ್ಲ. ಬಂತು. ಚಿರತೆಯ ಸುದ್ದಿ ಎದ್ದ ಮೇಲೆ ಅವನು ಪ್ಲಾಟಿನ ದಾರಿ ಹಿಡಿದಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸುತ್ತಿನ ದಾರಿ ಹಿಡಿದದ್ದರಿಂದ ಅವನಿಗೆ ಬಸ್ಸು ತಪ್ಪುತ್ತಿತ್ತು. ಒಂದೆರಡು ಸಲ ಲೇಟಾಗಿ ಹೋಗಿ ಬೈಸಿಕೊಂಡು ಬಂದ. ಹೆಂಡತಿಯೂ ಬಿಡಲಿಲ್ಲ.

“ಬಿಬಟ್ಯಾ ಸಿಗ್ಲಿಲ್ಲ, ನೌಕರಿ ಕೈಬಿಟ್ಟು ಹೊಂಟೈತಿ. ಆ ಕ್ಯಾಮೆರಾ ವಾಪಸ್ ಕೊಟ್ಟು ಒಂದು ಮದ್ವೀ ಫೋಟೋ ತಗಸ್ಕೊಂಡ್ರ ಬೇಷ್ ಇತ್ತು.”

ಅವನು ನಗಲಿಲ್ಲ. “ಅಕ್ಕಾ, ನಾಳೆ ಕ್ಯಾಮೆರಾನ ಮನಿಗೆ ತಗೊಂಡು ಬಾ,” ಎಂದ.

ತಂದೆ. ಅವನು ಅದನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು ಒಳಗಿನ ತೇವ ಆರಿಸಿದ. ಆಮೇಲೆ ದನದ ಕೊಟ್ಟಿಗೆಯಲ್ಲಿ ಕತ್ತಲೆ ಮಾಡಿ ಗೂಟಕ್ಕೆ ತೂಗುಹಾಕಿ, ತಾನೇ ಮುಂದೆ ನಡೆದು ಪರೀಕ್ಷೆ ಮಾಡಿದ. ಫೋಟೋ ಸ್ವಚ್ಛ ಬಂತು. ಎಮ್ಮೆಯ ಕಣ್ಣು, ಗೋಡೆಗೆ ಬಡಿದ ಕುಳ್ಳಿನ ಮೇಲಿನ ಬೆರಳಿನ ಗುರುತು ಕೂಡ ಕಾಣುತ್ತಿದ್ದವು. ಅವನು ಬಹಳ ಹೊತ್ತು ಫೋನು ನೋಡುತ್ತ ಕೂತ. ನಾನು ಅಕ್ಕಿಯನ್ನು ಮತ್ತೆ ಡಬ್ಬಿಗೆ ತುಂಬುತ್ತಿದ್ದೆ.

“ಮನ್ಯಾಗ ಸಾಫ್, ಹೊಲದಾಗ ಬೆಳ್ಳಗ,” ಎಂದ. “ಅಂದ್ರ ಕ್ಯಾಮೆರಾ ಕೆಟ್ಟಿಲ್ಲ. ಡಬ್ಬಿಯೊಳಗ ಏನರ ಇರಬೇಕು, ಇಲ್ಲಾ ಹೊಲದಾಗ ಖರೇನ ಮಂಜು ಏಳ್ತಿರಬೇಕು.” ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಕೇಳಿದ. “ಅಕ್ಕಾ, ಅಲ್ಲಿ ಇರುವಿ, ಜ್ಯಾಡ ಏನರ ಗೂಡ ಮಾಡ್ಯಾವೇನ? ನಿನ್ನ ನಿಯಮ ಐತಿ, ನನಗ ಗೊತ್ತೈತಿ. ಇದ್ರ ಹೇಳು. ನೀ ಮುಟ್ಟಬ್ಯಾಡ, ನಾ ನೋಡ್ಕೋತೇನಿ.”

ಬಾಗಿಲು ಪೂರ್ತಿ ತೆರೆದು ಕೊಟ್ಟಂಥ ಮಾತು ಅದು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ತೋರಿಸಿಕೊಟ್ಟ ಮೇಲೆ ಅವನು ಬಲೆ ತೆಗೆದರೆ ನನ್ನ ಬಾಯಿಂದಲೇ ನಿಯಮ ಮುರಿದಂತೆ ಎಂದು ನನಗನ್ನಿಸಿತು. ಇನ್ನೊಂದು ಹೆದರಿಕೆಯೂ ಇತ್ತು. ಅಷ್ಟು ದಿನ ಒರೆಸಿದೆ ಎಂದವಳು ಈಗ ಒರೆಸಿಲ್ಲ ಎನ್ನಬೇಕು. ಅವನ ಹೆಂಡತಿ ಅಲ್ಲೇ ಬಾಗಿಲಲ್ಲಿ ನಿಂತಿದ್ದಳು.

“ಅಲ್ಲೇನೂ ಇಲ್ಲೋ ತಮ್ಮಾ. ಒರಸೇನಿ ಅಂತ ಹೇಳ್ಲಿಲ್ಲಾ?”

“ನೀ ಹೇಳಿದ ಮ್ಯಾಲ ಮುಗೀತು,” ಎಂದ.

ಆ ಡಬ್ಬಿಯನ್ನು ಜೇಡಕ್ಕೇ ಬಿಟ್ಟುಕೊಡಬಹುದಿತ್ತು. ಕ್ಯಾಮೆರಾಕ್ಕೆ ಇನ್ನೊಂದು ಡಬ್ಬಿ ಮಾಡಬಹುದಿತ್ತು. ತಗಡು ಬಗ್ಗಿಸುವುದು ಅವನಿಗೆ ಒಂದು ಗಂಟೆಯ ಕೆಲಸ. ಜೇಡ ತನ್ನ ಮರಿಗಳೊಂದಿಗೆ ಜಾಲಿಮರದಲ್ಲೇ ಇರುತ್ತಿತ್ತು. ಇದು ನನಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ. ಬಾಯಿ ಬಿಟ್ಟಿದ್ದರೆ ಅವನಿಗೆ ಅವತ್ತೇ ಹೊಳೆಯುತ್ತಿತ್ತು.

ಮರುದಿನ ಕ್ಯಾಮೆರಾ ಡಬ್ಬಿಗೆ ಹೋಯಿತು. ಅದರ ಮರುಬೆಳಿಗ್ಗೆಯ ಫೋಟೋಗಳೆಲ್ಲ ಹಾಲು ಚೆಲ್ಲಿದಂತೆ. ಒಂದರಲ್ಲಿ ಮಾತ್ರ ಕೆಳಗಿನ ಅಂಚಿನಲ್ಲಿ ಏನೋ ಮಸಕು, ತೋಯ್ದ ಗೋಣಿಚೀಲ ಬಿದ್ದ ಹಾಗೆ. ತಮ್ಮನ ಹೆಂಡತಿ ಆ ಫೋಟೋ ಹಿಡಿದು ನನ್ನನ್ನೂ ಕರೆದುಕೊಂಡು ಮಿರಜಕ್ಕೆ ಗಾರ್ಡ್‌ನ ಹತ್ತಿರ ಹೋದಳು. ಅವನು ಫೋನನ್ನು ಬಿಸಿಲಿಗೆ ಮರೆಮಾಡಿ ನೋಡಿ, “ಬಾಯಿ, ಹೇ ಸಗಳಂ ಧುಕಂ ಆಹೆ” ಎಂದ. ಅಮ್ಮಾ, ಇದೆಲ್ಲಾ ಮಂಜು ಎಂದು ಅದರರ್ಥ. ಮಸಕನ್ನು ತೋರಿಸಿದರೆ, ನಾಯಿಯೂ ಇರಬಹುದು, ಇದರ ಮೇಲೆ ಪಂಜರ ಕೇಳಿದರೆ ಸಾಹೇಬರು ನನ್ನನ್ನೇ ಪಂಜರದಲ್ಲಿಡುತ್ತಾರೆ ಎಂದು ನಕ್ಕ. ಅವಳೂ ನಕ್ಕಳು. ನಾನು ಫೋನಿನ ಆ ಬಿಳುಪನ್ನೇ ನೋಡುತ್ತಿದ್ದೆ. ಬಲೆಯ ಒಂದೆರಡು ಎಳೆ ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಂಡವು.

ಆ ಸಂಜೆ ತಮ್ಮ ಎಲ್ಲ ಕೇಳಿಸಿಕೊಂಡು ಲೆಕ್ಕ ಹಾಕಿದ. ಸೆಲ್ಲು ಹೊಸದು. ಗರಿ ಸವರಿದೆ. ಒಳಗೆ ತೇವವಿಲ್ಲ. ಡಬ್ಬಿ ಸ್ವಚ್ಛವಿದೆ, ಅಕ್ಕ ದಿನಾ ನೋಡುತ್ತಾಳೆ.

“ಅಂದ್ರ ಅದು ಖರೇನ ಮಂಜು. ಮಂಜಿನಾಗ ಆದ್ರೂ ಅಷ್ಟು ದೊಡ್ಡ ಪ್ರಾಣಿ ಇಷ್ಟು ದಿನದಾಗ ಒಮ್ಮಿಯರ ನೆಟ್ಟಗ ಕಾಣಬೇಕಿತ್ತು. ಬದುವಿನ ಮ್ಯಾಲ ಏನೂ ಬರವಲ್ದು. ನಾಳಿಂದ ನಾ ಹಳೇ ದಾರೀಲೇ ಹೋಗ್ತೇನಿ.”

“ಇನ್ನೆರಡು ದಿನ ಸುತ್ತಿ ಹೋಗೋ,” ಎಂದೆ.

“ಯಾಕ? ಏನರ ನೋಡೀದೇನ?”

“ಇಲ್ಲ. ಸುಮ್ನ ಅಂದ್ನಿ.”

“ಸುಮ್ನ ಅಂದ್ರ ಬಸ್ ನಿಲ್ಲಂಗಿಲ್ಲ ಅಕ್ಕಾ.”

ನಸುಕಿನಲ್ಲಿ ಅವನು ಹೊರಟಾಗ ನಾನು ಎದ್ದಿದ್ದೆ. ಬುತ್ತಿಯ ಗಂಟು ಅವನ ಕೈಗೆ ಕೊಟ್ಟೆ. ಟಾರ್ಚಿನ ಬೆಳಕು ಬದುವಿನ ಕಡೆ ತಿರುಗಿದ್ದನ್ನು ನೋಡಿದೆ. ಬಲೆಯ ಮಾತು ಬಾಯಿಗೆ ಬಂತು. ಬೆಳಗಾದ ಮೇಲೆ ನಾನೇ ಒರೆಸಿಬಿಡುತ್ತೇನೆ, ಇವತ್ತೊಂದು ದಿನ ಏನಾಗುತ್ತದೆ ಎಂದುಕೊಂಡು ನೀರಿನ ಒಲೆಗೆ ಕಟ್ಟಿಗೆ ಹಾಕಲು ಒಳಗೆ ಹೋದೆ. ಕಟ್ಟಿಗೆ ಆಗಷ್ಟೇ ಉರಿ ಹಿಡಿದಿತ್ತು. “ಅಕ್ಕಾ” ಎಂದು ಅವನು ಕೂಗಿದ್ದು ಕೇಳಿತು. ಹೆಂಡತಿಯ ಹೆಸರಲ್ಲ, ನನ್ನನ್ನೇ ಕೂಗಿದ.

ಅವಳು ಕೊಳಗ ಬಡಿಯುತ್ತ, ನಾನು ಉರಿವ ಕೊಳ್ಳಿ ಹಿಡಿದು ಓಡಿದೆವು. ಜಾಲಿಮರದಿಂದ ಸ್ವಲ್ಪ ಈಚೆ ಅವನು ಬದುವಿನ ಮೇಲೆ ಕೂತಿದ್ದ. ಬುತ್ತಿಯ ಬಟ್ಟೆ ಎಡಗೈಗೆ ಸುತ್ತಿಕೊಂಡಿದ್ದ. ಅದು ಒದ್ದೆಯಾಗಿತ್ತು. ರೊಟ್ಟಿಗಳು ಕೆಸರಿನಲ್ಲಿ ಬಿದ್ದಿದ್ದವು.

“ಒಳಗ ಹೋತು,” ಎಂದು ಕಬ್ಬಿನ ಕಡೆ ಗದ್ದ ಎತ್ತಿ ತೋರಿಸಿದ. “ಇಲ್ಲೇ ಐತಿ. ನೀವು ನನ್ನ ಹಿಂದ ಬರ್ರಿ.”

ಆ ಕೈಯಲ್ಲೂ ಅವನು ನಮ್ಮಿಬ್ಬರನ್ನು ಹಿಂದೆ ಹಾಕಿಕೊಂಡು, ಕಬ್ಬಿನ ಕಡೆ ಮುಖಮಾಡಿ ಹಿಂದೆ ಹಿಂದೆ ಸರಿಯುತ್ತ ಮನೆತನಕ ಬಂದ. ಪಕ್ಕದ ಕಾಕಾ ರಿಕ್ಷಾ ತಂದರು. ಮಿರಜದ ಆಸ್ಪತ್ರೆಯಲ್ಲಿ ಕೈ ಹೊಲಿದರು, ಸೂಜಿಗಳನ್ನು ಚುಚ್ಚಿದರು. ಜೀವಕ್ಕೆ ಅಪಾಯವಿಲ್ಲ, ಬೆರಳು ಮಡಿಸುವ ನರಗಳು ಹರಿದಿವೆ, ಎಷ್ಟು ಕೂಡುತ್ತವೋ ನೋಡೋಣ ಎಂದರು ಡಾಕ್ಟರು.

ಮಧ್ಯಾಹ್ನ ನಾನು ಎಮ್ಮೆ ಕರೆಯಲು ಹೊಲಕ್ಕೆ ಬಂದಾಗ ಅರಣ್ಯದವರು ಪಂಜರ ಇಡುತ್ತಿದ್ದರು. ಆ ಗಾರ್ಡ್ ಜಾಲಿಮರದ ಹತ್ತಿರ ನಿಂತು ಡಬ್ಬಿಯ ಬಾಯಿಗೆ ಬೆರಳು ಹಾಕಿದ. ಬಲೆ, ಮೊಟ್ಟೆಯ ಚೀಲ ಎಲ್ಲ ಬೆರಳಿಗೆ ಸುತ್ತಿಕೊಂಡು ಬಂದವು. ಪ್ಯಾಂಟಿಗೆ ಒರೆಸಿಕೊಂಡ.

“ಬಾಯಿ, ಇದ ನೋಡ್ರಿ ನಿಮ್ಮ ಮಂಜು. ದೀಪದ ಬೆಳಕು ಈ ಬಲಿಗೆ ಬಡದು ತಿರುಗಿ ಬರ್ತಿತ್ತು. ಯಾರೂ ನೋಡ್ಲಿಲ್ಲೇನ? ನಿಮ್ಮ ತಮ್ಮಗ ಹೇಳ್ತೇನಿ ನಾ, ಮುಂದ ಲಕ್ಷ್ಯ ಇಡ್ಲಿ.”

“ನೀವು ಹೇಳಬ್ಯಾಡ್ರಿ,” ಎಂದೆ. “ನಾನ ಹೇಳ್ತೇನಿ.”

ಹೇಳಲಿಲ್ಲ. ಅವನು ಮನೆಗೆ ಬಂದ ಮೇಲೆ, ನೋವು ಇಳಿಯಲಿ ಎಂದುಕೊಂಡೆ. ನೋವು ಇಳಿದ ಮೇಲೆ ಕೈ ಸುಧಾರಿಸಲಿ ಎಂದುಕೊಂಡೆ. ಕೈ ಸುಧಾರಿಸಲಿಲ್ಲ. ಲೇಥ್ ಮೇಲೆ ನಿಲ್ಲುವವನಿಗೆ ಎರಡೂ ಕೈಯ ಹಿಡಿತ ಬೇಕು. ಕಾರ್ಖಾನೆಯವರು ಅವನನ್ನು ಗೇಟಿನಲ್ಲಿ ಕೂರಿಸಿದರು. ಬರುವ ಲಾರಿಗೆ ಬಾಗಿಲು ತೆಗೆಯುವುದು, ಹಾಕುವುದು. ಚಿರತೆ ಪಂಜರಕ್ಕೆ ಬಿದ್ದು ಎಲ್ಲಿಗೋ ಹೋಯಿತು. ಕ್ಯಾಮೆರಾ ಏಕೆ ಕೈಕೊಟ್ಟಿತು ಎಂದು ಅವನಿಗೆ ಕೊನೆಗೂ ತಿಳಿಯಲಿಲ್ಲ. ತಿಳಿಯದ್ದರಿಂದ ತನ್ನನ್ನೇ ದೂರಿಕೊಂಡ. ಯಾರಾದರೂ ಕೈ ನೋಡಿ ಕೇಳಿದರೆ, “ನಮ್ಮ ಶಾಣ್ಯಾತನ. ಮಂಜು ಯಾವ್ದು, ಮೃಗ ಯಾವ್ದು ತಿಳೀದೆ ಹೋದ್ನಿ,” ಎನ್ನುತ್ತಿದ್ದ.

ದಶಲಕ್ಷಣ ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಾಣಿ ಬರುತ್ತದೆ. ಅವತ್ತು ಬಸದಿಯಲ್ಲೂ ಮನೆಯಲ್ಲೂ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೇಳಬೇಕು. ಜಗಳಾಡಿದವರೂ ಕೇಳುತ್ತಾರೆ, ವರ್ಷವೆಲ್ಲ ಮುಖ ನೋಡದವರೂ ಕೇಳುತ್ತಾರೆ. ನಾನು ಪ್ರತಿ ವರ್ಷ ತಮ್ಮನಿಗೆ ಆ ಮಾತು ಹೇಳಿದೆ. ಹೇಳಿ, ಕ್ಷಮೆ ಕೇಳಿದಂತಾಯಿತು ಎಂದು ಒಳಗೆ ಸಮಾಧಾನ ಪಟ್ಟೆ. ಎಲ್ಲರೂ ಹೇಳುವ ಮಾತಿನ ನಡುವೆ ನನ್ನದನ್ನು ಸೇರಿಸಿ ದಾಟಿಸಿದರೆ ಯಾರಿಗೂ ಕಾಣುವುದಿಲ್ಲ. ಕ್ಷಮೆ ಕೇಳುವ ಹಬ್ಬದ ಮರೆಯಲ್ಲಿ ಇಷ್ಟು ವರ್ಷ ಕ್ಷಮೆ ಕೇಳದೆ ಉಳಿದೆ.

ಈ ವರ್ಷ ಕ್ಷಮಾವಾಣಿಯ ಬೆಳಿಗ್ಗೆ ಪ್ಲಾಟಿನ ಕಡೆಯಿಂದ ಇಬ್ಬರು ಮನೆಗೆ ಬಂದರು. ಅಲ್ಲಿ ಈಗ ಮನೆಗಳಾಗಿವೆ. ಕಬ್ಬಿನ ಕಡೆ ಮತ್ತೆ ಬಿಬಟ್ಯಾ ಕಂಡಿದೆಯಂತೆ, ಕ್ಯಾಮೆರಾ ಹಾಕಬೇಕೆಂದಿದ್ದೇವೆ, ನಿಮಗೆ ಅನುಭವವಿದೆ ಎಂದರು. ತಮ್ಮ ಎರಡೂ ಕೈ ಮುಂದೆ ಮಾಡಿದ.

“ನನ್ನನ್ನ ಬಿಟ್ಟು ಯಾರನ್ನರ ಕೇಳ್ರಿ. ಫೋಟೋ ಬೆಳ್ಳಗ ಬಂದ್ರ ಯಾಕ ಬರ್ತೈತಿ ಅಂತ ನನಗ ಇವತ್ತಿಗೂ ಗೊತ್ತಿಲ್ಲ. ನನ್ನ ಮಾತು ಕೇಳಿ ನಿಮ್ಮ ಮಂದಿ ಬದುವಿನ ಮ್ಯಾಲ ಹೋದ್ರ ಆ ಪಾಪ ನನಗ ಬ್ಯಾಡ.”

“ಅವರ ಕ್ಯಾಮೆರಾಗಿಂತ ನಮ್ಮ ಎಮ್ಮಿ ಚಲೋ ನೋಡ್ತೈತಿ,” ಎಂದಳು ಅವನ ಹೆಂಡತಿ ಚಹಾ ಕೊಡುತ್ತ. ಬಂದವರು ನಕ್ಕರು. ತಮ್ಮನೂ ನಕ್ಕ. ಅವನು ನಗುವಾಗ ನಾನು ಅವನ ಮುಖ ನೋಡಿದೆ. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ನಗುತ್ತಿದ್ದ. ಆ ಜನ ಅಂಗಳ ದಾಟುವತನಕ ನಾನು ಕಂಬ ಹಿಡಿದು ನಿಂತೆ. ಅವರ ಮನೆಯಿಂದಲೂ ಯಾರೋ ನಸುಕಿನಲ್ಲಿ ಅದೇ ಕಬ್ಬಿನ ಬದಿಯಲ್ಲಿ ನಡೆದುಹೋಗುವವರು ಇರಬಹುದು.

ತಮ್ಮ ಎದ್ದು ನನ್ನ ಮುಂದೆ ಬಂದ. ವರ್ಷವರ್ಷದಂತೆ ಮೊದಲು ತಾನೇ ಕೈಮುಗಿದ. ಎಡಗೈ ಬಲಗೈಗೆ ಪೂರ್ತಿ ಹೊಂದುವುದಿಲ್ಲ, ಬೆರಳುಗಳು ಹೊರಗೇ ಉಳಿಯುತ್ತವೆ.

“ಅಕ್ಕಾ, ತಿಳದೋ ತಿಳೀದೋ ನನ್ನಿಂದ ಏನರ ತಪ್ಪಾಗಿದ್ರ...”

“ನೀ ಕೇಳಬ್ಯಾಡೋ,” ಎಂದು ಅವನ ಕೈಗಳನ್ನು ಕೆಳಗಿಳಿಸಿದೆ. ಅವನ ಹೆಂಡತಿ ಚಹಾದ ಬಟ್ಟಲು ಹಿಡಿದು ಹಾಗೇ ನಿಂತಳು. ಅವಳಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

“ಅವತ್ತು ಮಂಜು ಇರ್ಲಿಲ್ಲ ತಮ್ಮಾ. ಡಬ್ಬಿ ಬಾಯಾಗ ಜ್ಯಾಡ ಬಲಿ ಕಟ್ಟಿತ್ತು. ಮೊದಲನೇ ದಿವಸ ನೋಡೇನಿ. ನೀ ಕೇಳಿದಿ, ಇದ್ರ ಹೇಳು ಅಂತ ಬಾಯಿ ಬಿಟ್ಟು ಕೇಳಿದಿ. ನಾ ಇಲ್ಲ ಅಂದ್ನಿ. ನಿಯಮಕ್ಕ ಅಂದ್ನಿ ಅನಬಹುದು, ಆದ್ರ ಬಸ್ತ್ಯಾಗ ನನ್ನ ಮಾನ ಹೋಗ್ತೈತಿ ಅಂತನೂ ಅಂದ್ನಿ. ನಿನ್ನ ಲೆಕ್ಕ ಒಂದೂ ತಪ್ಪಿರ್ಲಿಲ್ಲ. ನೀ ನನ್ನ ಮಾತು ನಂಬಿ ಹೋದಿ. ತಿಳೀದೆ ಆದದ್ದಲ್ಲೋ ಇದು, ತಿಳದ ಮಾಡೇನಿ. ನನ್ನಿಂದ ತಪ್ಪಾತು. ನನ್ನನ್ನ ಕ್ಷಮಾ ಮಾಡು.”